ನಡುಮೆಟ್ಟಿಲ ಸ್ವಾಮಿ

ಹೊಳೆಯಿಂದ ಆಶ್ರಮಕ್ಕೆ ನೂರಾ ಹತ್ತು ಮೆಟ್ಟಿಲು. ನೀರು ಹೊತ್ತು ಹತ್ತುವಾಗ ಶಾಂತವೀರ ದಿನವೂ ನಡುವೆ ಕೂತುಬಿಡುತ್ತಿದ್ದ.

“ಎದೆ ಹಿಂಡುತ್ತದೆ” ಎನ್ನುತ್ತಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ನಾಡಿ ನೋಡಿದರು. “ಏನೂ ಇಲ್ಲ. ಸೋಮಾರಿತನ. ನಾಳೆಯಿಂದ ಎರಡು ಕೊಡ ಹೆಚ್ಚು ತಾ.”

ಉಳಿದ ಶಿಷ್ಯರು ಅವನನ್ನು ನಡುಮೆಟ್ಟಿಲ ಸ್ವಾಮಿ ಎಂದು ಕರೆದರು.

ಹೀಗೆ ಆರು ವರ್ಷ ಕಳೆದ ಮೇಲೆ ಒಂದು ದಿನ ಅವನು ಕೊಡದ ಸಮೇತ ಉರುಳಿಬಿದ್ದ. ಆಸ್ಪತ್ರೆಗೆ ಸಾಗಿಸಿದರು.

ವಾರದ ಮೇಲೆ ಫೈಲ್ ಹಿಡಿದು ಬಂದ. ಗುರುಗಳು ಹೊಳೆದಂಡೆಯಲ್ಲಿದ್ದರು. ಅವನು ನಮಸ್ಕರಿಸಲಿಲ್ಲ.

“ಏನಂದರು?”

ಶಾಂತವೀರ ಮರಳಿನಲ್ಲಿ ಎರಡು ದಪ್ಪ ಗೆರೆ ಎಳೆದ. ನಡುವೆ ಒಂದು ಸಣ್ಣ ಗೆರೆ.

“ಇದು ಹೃದಯಕ್ಕೇ ರಕ್ತ ಕೊಡುವ ನಾಳ. ಬಲಗಡೆ ಹುಟ್ಟಬೇಕಿತ್ತು, ಎಡಗಡೆ ಹುಟ್ಟಿದೆ. ಈ ಎರಡು ದೊಡ್ಡ ನಾಳಗಳ ಸಂದಿಯಲ್ಲಿ ನುಸುಳಿ ಬರಬೇಕು. ಹತ್ತಿದರೆ, ಓಡಿದರೆ ಅವು ಉಬ್ಬುತ್ತವೆ. ಇದು ಅಪ್ಪಚ್ಚಿ.”

“ಕೂತಾಗ?”

“ಕೂತಾಗ ಏನೂ ಗೊತ್ತಾಗುವುದಿಲ್ಲ. ನೀವು ನನ್ನನ್ನು ಕೂರಿಸಿಯೇ ನೋಡಿದಿರಿ.”

“ಹುಟ್ಟಿನಿಂದಲೇ?”

“ಹುಟ್ಟಿನಿಂದಲೇ. ಮೂವತ್ತನಾಲ್ಕು ವರ್ಷ ಹೇಗೆ ಉಳಿದೆಯಪ್ಪಾ ಅಂತ ಡಾಕ್ಟರೇ ಕೇಳಿದರು. ನೀವು ಎರಡು ಕೊಡ ಹೆಚ್ಚು ಮಾಡಿದಿರಿ. ಕೊಂದೇಬಿಡುತ್ತಿದ್ದಿರಿ!”

“ಹೌದು.”

“ಹೌದು ಅಂದರೆ ಮುಗೀತಾ?”

“ಇಲ್ಲ. ಚಿಕಿತ್ಸೆ?”

“ಎದೆ ತೆರೆದು ಆ ನಾಳಕ್ಕೆ ದಾರಿ ಬಿಡಿಸುತ್ತಾರಂತೆ. ಸೋಮವಾರ ಬಾ ಅಂದಿದ್ದಾರೆ. ನಾನು ಹೋಗುವುದಿಲ್ಲ.”

“ಭಯವೇ?”

“ಸಿಟ್ಟು! ಬದುಕಿ ಬಂದರೆ ಮರುದಿನವೇ ಗುರುಕೃಪೆ ಅಂತ ಪ್ರವಚನ ಮಾಡುತ್ತೀರಿ. ಆ ಕಥೆಗೆ ನಾನು ಎದೆ ಸೀಳಿಸಿಕೊಳ್ಳಬೇಕೇ?”

ಗುರುಗಳು ಎದ್ದರು. ಮೇಲೆ ಸಂಜೆಯ ಪ್ರವಚನಕ್ಕೆ ಭಕ್ತರು ಸೇರಿದ್ದರು. ಎಲ್ಲರನ್ನೂ ಕೂಗಿ ಕೆಳಗೆ ಕರೆಸಿದರು.

“ಇವನು ಆರು ವರ್ಷ ಎದೆ ಹಿಂಡುತ್ತದೆ ಅಂದ. ನಾನು ಸೋಮಾರಿ ಅಂದೆ. ಇವನದು ನಿಜ, ನನ್ನದು ಸುಳ್ಳು. ಇವತ್ತಿನ ಪ್ರವಚನ ಇಷ್ಟೇ.”

ಶಾಂತವೀರ ಮರಳಿನ ಗೆರೆಗಳನ್ನು ಕಾಲಿನಿಂದ ಅಳಿಸಿದ. ಆಮೇಲೆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡ.

“ಸೋಮವಾರ ಹೋಗುತ್ತೇನೆ” ಎಂದ.

ಮುಂದೆ ನಿಂತಿದ್ದ ಹಿರಿಯ ಭಕ್ತರೊಬ್ಬರು ಕಣ್ಣೊರೆಸಿಕೊಂಡು ಕೈಮುಗಿದರು. “ಏನೇ ಆಗಲಿ ಗುರುಗಳೇ, ಈ ಜೀವ ಇಷ್ಟು ದಿನ ಉಳಿದದ್ದು ತಮ್ಮ ಕೃಪೆಯಿಂದಲೇ.”

ಗುರುಗಳ ಮುಖ ಕೆಂಪಾಯಿತು.

“ನನ್ನ ಕೃಪೆಯಿಂದ ಆದದ್ದು ಆರು ವರ್ಷ ತಡ, ಅಷ್ಟೇ.”