ಕಸ್ತೂರಿ ಟೀಚರ್ ಹಲ್ಲು ಕಟ್ಟಿಸಿಕೊಂಡದ್ದು

"ಗುರುಗಳೇ, ಕ್ಯಾಪಿಗೂ ಬ್ರಿಜ್ಜಿಗೂ ಬಳಸುವ ಸೆರಾಮಿಕ್‌ಗಳಲ್ಲಿ ಸರಿಯಾದದ್ದನ್ನು ಆರಿಸುವುದು ಹೇಗೆ?" ಎಂದು ವೈಜಯಂತಿ ಕೇಳಿದಳು.

ಅವಳು ಹಲ್ಲಿನ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ಪುಸ್ತಕಗಳನ್ನೆಲ್ಲ ಓದಿಕೊಂಡೇ ಬಂದಿದ್ದಳು. ಗಾಜಿನಂಥ ಸೆರಾಮಿಕ್ ಬೆಳಕನ್ನು ಒಳಗೆ ಬಿಟ್ಟುಕೊಂಡು ನಿಜವಾದ ಹಲ್ಲಿನಂತೆಯೇ ಕಾಣುತ್ತದೆ, ಆದರೆ ಹಲವು ಹಲ್ಲುಗಳ ಜಾಗ ತುಂಬುವ ಉದ್ದದ ಬ್ರಿಜ್ಜಿನಲ್ಲಿ ಬಿರುಕು ಬಿಡುತ್ತದೆ. ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ ಗಟ್ಟಿ, ಆದರೆ ಸ್ವಲ್ಪ ಮಂಕು. ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು ಚೆನ್ನಾಗಿ ಬಾಳುತ್ತದೆ, ಆದರೆ ವಸಡಿನ ಅಂಚಿನಲ್ಲಿ ಕ್ರಮೇಣ ಕಪ್ಪು ಗೆರೆ ಕಾಣಿಸುತ್ತದೆ. ಇಷ್ಟೆಲ್ಲ ತಿಳಿದರೂ, ರೋಗಿ ಎದುರಿಗೆ ಬಂದು ಕೂತಾಗ ಕೈ ಯಾವುದರ ಕಡೆಗೆ ಹೋಗಬೇಕೆಂಬುದು ಗೊತ್ತಾಗುವುದಿಲ್ಲ ಎಂದಳು.

ಇಟಗಿ ಗುರುಗಳು ಆ ವಿದ್ಯೆಯನ್ನು ಕಲಿಸುತ್ತಲೇ ಮುದುಕರಾದವರು. ಅವರು ಕೈ ಒರೆಸಿಕೊಂಡು ಕೂತು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದಂತವೈದ್ಯನಿದ್ದ. ಕೆಲಸ ಬಲ್ಲವನು, ಒಳ್ಳೆಯವನು. ಅದೇ ಊರಿನ ಶಾಲೆಯಲ್ಲಿ ಕಸ್ತೂರಿ ಎಂಬ ಶಿಕ್ಷಕಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಚನ್ನವೀರಪ್ಪ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ.

ಒಂದು ದಿನ ಶಾಲೆಯ ನಲ್ಲಿಯ ಹತ್ತಿರ ಕಸ್ತೂರಿ ಕಣ್ಣು ಕತ್ತಲೆಗಟ್ಟಿ, ಕಲ್ಲಿನ ಕಟ್ಟೆಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದವು. ಗಾಯ ಮಾಯ್ದ ಮೇಲೆ ಅವಳು ಮತ್ತೆ ಪಾಠಕ್ಕೆ ಹೋದಳು. ಮಕ್ಕಳಿಗೆ ಆಗ ವರ್ಣಮಾಲೆ ನಡೆಯುತ್ತಿತ್ತು. ತ, ಥ, ದ, ಧ, ನ ಎಂದು ಹೇಳಿಕೊಡಬೇಕಾದಾಗ ಅವಳ ನಾಲಿಗೆಗೆ ಹಲ್ಲು ಸಿಗಲಿಲ್ಲ. ಅಕ್ಷರವೆಲ್ಲ ಗಾಳಿಯಾಗಿ ಹೊರಬಂತು. ಮಕ್ಕಳು ನಗಲಿಲ್ಲ. ಟೀಚರ್ ಹೇಳಿದಂತೆಯೇ, ಶ್ರದ್ಧೆಯಿಂದ, ಎಲ್ಲರೂ ಒಟ್ಟಾಗಿ ಗಾಳಿ ಊದಿದರು. ಅವಳು ಅಂದೇ ಸಂಜೆ ವೈದ್ಯನ ಹತ್ತಿರ ಹೋದಳು.

ವೈದ್ಯ ಅವಳ ಬಾಯಿ ನೋಡಿ, ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದ. ಗಾಜಿನಂಥದ್ದು ಚೆಂದ, ಆದರೆ ನಾಲ್ಕು ಹಲ್ಲಿನ ಅಗಲಕ್ಕೆ ನಂಬುವಂತಿಲ್ಲ ಎಂದ. ಒಳಗೆ ಜಿರ್ಕೋನಿಯಾ, ಮೇಲೆ ತೆಳುವಾಗಿ ಪಿಂಗಾಣಿ ಹೊದಿಸಿದರೆ ಗಟ್ಟಿಯೂ ಆಯಿತು, ಚೆಂದವೂ ಆಯಿತು ಎಂದ. ಅದನ್ನು ಕೂರಿಸಲು ಎರಡೂ ಪಕ್ಕದ ಕೋರೆಹಲ್ಲುಗಳನ್ನು ತೇಯಬೇಕಾಗುತ್ತದೆ, ನಾಲ್ಕಾರು ಸಲ ಬರಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಎಷ್ಟು ವರ್ಷ ಬಾಳುತ್ತದೆ ಎಂದು ಅವಳು ಕೇಳಿದಳು. ಜೋಪಾನ ಮಾಡಿದರೆ ಇಪ್ಪತ್ತು ವರ್ಷಕ್ಕೂ ಅಲ್ಲಾಡುವುದಿಲ್ಲ ಎಂದ. ಹಾಗಾದರೆ ನೌಕರಿ ಮುಗಿದು ಮನೆಯಲ್ಲಿ ಕೂತ ಮೇಲೂ ಇರುತ್ತದೆ ಎಂದು ಅವಳು ಖುಷಿಪಟ್ಟಳು. ಬಣ್ಣ ಹೊಂದಿಸುವ ಮಾದರಿ ಹಲ್ಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಿ ನೋಡಿಕೊಂಡು, ತನ್ನ ಬಣ್ಣವನ್ನು ತಾನೇ ಆರಿಸಿದಳು. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿದಳು.

ಮುಂದಿನ ಸಲ ಅವಳು ಬರುವುದಕ್ಕೆ ಮೊದಲೇ ಚನ್ನವೀರಪ್ಪ ಒಬ್ಬನೇ ಬಂದ. ಕುರ್ಚಿ ತೋರಿಸಿದರೂ ಬಹಳ ಹೊತ್ತು ನಿಂತೇ ಇದ್ದ. ಕೊನೆಗೆ ಕೂತು ಹೇಳಿದ. ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ಅದು ಬೇರೆ ಕಡೆಗೂ ಹಬ್ಬಿದೆ. ಅವಳು ತಲೆ ಸುತ್ತಿ ಬಿದ್ದದ್ದೂ ಅದರಿಂದಲೇ. ದೊಡ್ಡಾಸ್ಪತ್ರೆಯವರು ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಕೆಲವು ತಿಂಗಳು ಅಷ್ಟೇ ಎಂದಿದ್ದಾರೆ. ಅವಳಿಗೆ ಮಾತ್ರ ಹುಣ್ಣು ಎಂದು ಹೇಳಿದ್ದೇನೆ, ಗುಳಿಗೆಯಲ್ಲಿ ವಾಸಿಯಾಗುತ್ತದೆ ಎಂದು ನಂಬಿಸಿದ್ದೇನೆ. ಇರುವ ಹಲ್ಲನ್ನು ತೇಯ್ದು ಅವಳಿಗೆ ನೋವು ಕೊಡಬೇಡಿ. ಆದರೆ ಯಾಕೆ ಎಂದು ಅವಳಿಗೆ ತಿಳಿಯಬಾರದು. ಇಷ್ಟನ್ನು ಹೇಳುವಾಗ ಅವನು ತನ್ನ ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನು ಸವರುತ್ತಿದ್ದ. ಅಳಲಿಲ್ಲ.

ವೈದ್ಯ ಯೋಚಿಸಿದ. ಕೆಲವೇ ತಿಂಗಳು ಇರುವವಳ ಗಟ್ಟಿ ಹಲ್ಲುಗಳನ್ನು ತೇಯುವುದು ಯಾಕೆ? ಚುಚ್ಚುಮದ್ದು ಯಾಕೆ? ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಒರಗಿರುವ ಶಕ್ತಿಯಾದರೂ ಅವಳಿಗೆ ಎಲ್ಲಿದೆ? ಪ್ಲಾಸ್ಟಿಕ್ಕಿನ ಪ್ಲೇಟಿಗೆ ನಾಲ್ಕು ಹಲ್ಲು ಕೂರಿಸಿ ಕೊಟ್ಟರೆ ಬೇಕಾದಾಗ ಹಾಕಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು. ಬಾಯಿಯ ಅಚ್ಚು ತೆಗೆದರೆ ಸಾಕು, ನೋವೇ ಇಲ್ಲ. ಯೋಚನೆ ಸರಿಯಾಗಿತ್ತು. ಯಾವ ಪರೀಕ್ಷಕನೂ ಅದಕ್ಕೆ ಅಂಕ ಕಳೆಯುತ್ತಿರಲಿಲ್ಲ. ಹಾಗೆಯೇ ಮಾಡುತ್ತೇನೆ ಎಂದು ಅವನು ಗಂಡನಿಗೆ ಮಾತು ಕೊಟ್ಟ.

ಕಸ್ತೂರಿ ಬಂದಳು. ಊಟ ಮುಗಿಸಿ, ಹೇಳಿದಂತೆ ಬಾಯಿ ಚೆನ್ನಾಗಿ ತೊಳೆದುಕೊಂಡು, ಹಲ್ಲು ತೇಯಿಸಿಕೊಳ್ಳಲು ಸಿದ್ಧಳಾಗಿಯೇ ಬಂದಿದ್ದಳು. ವೈದ್ಯ ಅವಳ ಮುಖ ನೋಡದೆ, ವಸಡು ಸ್ವಲ್ಪ ಸೂಕ್ಷ್ಮವಾಗಿದೆ, ಬ್ರಿಜ್ ಬೇಡ, ಪ್ಲೇಟೇ ಒಳ್ಳೆಯದು ಎಂದ. ಮೊದಲು ನೋಡಿದಾಗ ಅದೇ ವಸಡನ್ನು ಅವನು ಹೊಗಳಿದ್ದ. ಒಂದನೇ ತರಗತಿಯ ಮಕ್ಕಳು ಹೇಳುವ ಸುಳ್ಳುಗಳನ್ನು ಕಸ್ತೂರಿ ಪ್ರತಿದಿನ ಕೇಳುತ್ತಿದ್ದವಳು. ಅವಳು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಇದು ಎಷ್ಟು ವರ್ಷ ಬರುತ್ತದೆ ಡಾಕ್ಟರೇ?"

"ನಿಮಗೆ ಇದು ಸಾಕು ಟೀಚರ್."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ವೈದ್ಯನ ಕಿವಿಗೂ ಬಿತ್ತು. ಕಸ್ತೂರಿ ಕಿಟಕಿಯ ಕಡೆ ನೋಡಿದಳು. ನಮ್ಮವರು ಇಲ್ಲಿಗೆ ಬಂದಿದ್ದರೇ ಎಂದು ಕೇಳಿದಳು. ವೈದ್ಯ ಅಚ್ಚಿನ ಪುಡಿಗೆ ನೀರು ಹಾಕಿ ಕಲಸತೊಡಗಿದ. ಅದು ಬೇಗ ಗಟ್ಟಿಯಾಗುತ್ತದೆ, ಬಾಯಿ ತೆರೆಯಿರಿ ಎಂದ. ಅವಳು ತೆರೆದಳು. ಅಚ್ಚು ಗಟ್ಟಿಯಾಗುವವರೆಗೆ ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಅಚ್ಚು ತೆಗೆಯುವಾಗ ಎಲ್ಲರಿಗೂ ಕಣ್ಣಲ್ಲಿ ನೀರು ಬರುತ್ತದೆ ಎಂದು ವೈದ್ಯ ತನಗೆ ತಾನೇ ಹೇಳಿಕೊಂಡ.

ಪ್ಲೇಟು ಸಿದ್ಧವಾದಾಗ ಅವಳು ಆ ಕುರ್ಚಿಯಲ್ಲೇ ಕೂತು ತ, ಥ, ದ, ಧ, ನ ಎಂದು ಹೇಳಿ ನೋಡಿದಳು. ಅಕ್ಷರಗಳು ಸರಿಯಾಗಿ ಬಂದವು. ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದಳು:

"ನನಗೆ ಗೊತ್ತಾಗಿದೆ ಅನ್ನುವುದು ಅವರಿಗೆ ತಿಳಿಯುವುದು ಬೇಡ. ಮುಚ್ಚಿಡುವುದಕ್ಕೆ ಪಾಪ, ಎಷ್ಟು ಒದ್ದಾಡುತ್ತಿದ್ದಾರೆ."

ವೈದ್ಯ ಆಗಲಿ ಎಂಬಂತೆ ತಲೆಯಾಡಿಸಿದ. ಹೀಗೆ ಅವನು ಗಂಡನಿಗೂ ಮಾತು ಕೊಟ್ಟ, ಹೆಂಡತಿಗೂ ಮಾತು ಕೊಟ್ಟ.

ಕಸ್ತೂರಿ ಶಾಲೆಗೆ ಹೋಗುತ್ತಲೇ ಇದ್ದಳು. ಮಕ್ಕಳು ಗಾಳಿಯನ್ನು ಮರೆತು ಅಕ್ಷರ ಕಲಿತರು. ಮನೆಯಲ್ಲಿ ಗಂಡ ಹೆಂಡತಿ ಬರುವ ವರ್ಷದ ಮಾತಾಡುತ್ತಿದ್ದರು. ಮನೆಯ ಮಾಡು ಸೋರುತ್ತದೆ, ಬೇಸಿಗೆಯಲ್ಲಿ ರಿಪೇರಿ ಮಾಡಿಸಬೇಕು ಎಂದು ಅವನು ಹೇಳುವನು. ಹಂಚು ಬೇಡ, ತಗಡು ಹಾಕಿಸೋಣ ಎಂದು ಅವಳು ಹೇಳುವಳು. ಅದರ ಮೇಲೆ ಇಬ್ಬರೂ ಸಣ್ಣಗೆ ಜಗಳವನ್ನೂ ಆಡುವರು. ಅವಳು ನಂಬಿದಳೆಂದು ಅವನಿಗೆ ಸಮಾಧಾನ. ತಾನು ನಂಬಿದೆನೆಂದು ಅವನು ನಂಬಿಬಿಟ್ಟನೆಂದು ಅವಳಿಗೆ ಸಮಾಧಾನ. ಒಬ್ಬರ ಪಕ್ಕದಲ್ಲಿ ಒಬ್ಬರು ಮಲಗಿ, ಇಬ್ಬರೂ ಒಂದೇ ದುಃಖವನ್ನು ಬೇರೆ ಬೇರೆಯಾಗಿ ಹೊತ್ತರು.

ಮೈ ಇಳಿದಂತೆ ದವಡೆಯೂ ಇಳಿದು ಪ್ಲೇಟು ಸಡಿಲವಾಯಿತು. ಅದನ್ನು ಸರಿಪಡಿಸಿಕೊಳ್ಳಲು ಕಸ್ತೂರಿ ಮತ್ತೊಮ್ಮೆ ಬಂದಳು. ಮೆಟ್ಟಿಲು ಹತ್ತಿ ಬಂದದ್ದಕ್ಕೇ ದಣಿದಿದ್ದಳು. ವೈದ್ಯ ಪ್ಲೇಟಿನ ಒಳಮೈಗೆ ಹೊಸದಾಗಿ ಪದರ ಕೊಡುತ್ತಿದ್ದಾಗ ಅವಳು ತನ್ನ ಅಕ್ಕನ ವಿಷಯ ಹೇಳಿದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಆ ಅಕ್ಕ. ಈಗ ಸೊಲ್ಲಾಪುರದಲ್ಲಿದ್ದಾಳೆ. ಪ್ರತಿವರ್ಷ ಪಂಚಮಿಗೆ ಅಲ್ಲಿಗೇ ತವರೆಂದು ಹೋಗಿಬರುವುದು ವಾಡಿಕೆ. ಅಕ್ಕ ಬಂದು ಸ್ವಲ್ಪ ದಿನ ಹತ್ತಿರ ಇದ್ದರೆ ಸಾಕಿತ್ತು ಎಂದಳು. ಆದರೆ ಪಂಚಮಿ ಮುಗಿಸಿಕೊಂಡು ಬಂದು ಹೆಚ್ಚು ಕಾಲವಾಗಿಲ್ಲ, ಈಗ ಅವಳನ್ನು ಕರೆಸಿ ಎಂದರೆ ನಮ್ಮವರಿಗೆ ಅನುಮಾನ ಬರುತ್ತದೆ ಎಂದಳು. ವೈದ್ಯ ಕೇಳಿಸಿಕೊಂಡ. ಮನೆಯವರ ವಿಷಯದಲ್ಲಿ ತಾನು ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡ. ಪ್ಲೇಟು ಬಿಗಿಯಾಗಿ ಕೂತಿತು.

ದೀಪಾವಳಿಗೆ ಮೊದಲೇ ಕಸ್ತೂರಿ ತೀರಿಕೊಂಡಳು.

ಕೆಲವು ವಾರ ಕಳೆದ ಮೇಲೆ ಚನ್ನವೀರಪ್ಪ ವೈದ್ಯನ ಹತ್ತಿರ ಬಂದ. ಈ ಸಲ ಹೇಳುವ ಮೊದಲೇ ಕೂತ. ಕರವಸ್ತ್ರದ ಗಂಟು ಬಿಚ್ಚಿ ಪ್ಲೇಟನ್ನು ಮೇಜಿನ ಮೇಲಿಟ್ಟ. ಕೊನೆಯ ದಿನಗಳಲ್ಲಿ ಅವಳು ಅದನ್ನು ತೆಗೆದಿಟ್ಟಿದ್ದಳಂತೆ. ಮಣ್ಣು ಕೊಡುವಾಗ ಯಾರಿಗೂ ನೆನಪಾಗಲಿಲ್ಲ. ಎಸೆಯಲು ಮನಸ್ಸಾಗುತ್ತಿಲ್ಲ, ಇಟ್ಟುಕೊಂಡರೆ ಕಣ್ಣಿಗೆ ಬೀಳುತ್ತದೆ, ಏನು ಮಾಡಲಿ ಎಂದು ಕೇಳಿದ.

ಆಮೇಲೆ ಅವನು ಅಕ್ಕನ ಮಾತೆತ್ತಿದ. ಅವಳು ಸುದ್ದಿ ಕೇಳಿ ಸೊಲ್ಲಾಪುರದಿಂದ ಓಡಿಬಂದಳಂತೆ. ಜೀವವಿದ್ದಾಗ ಯಾಕೆ ಕರೆಯಲಿಲ್ಲ ಎಂದು ಅವನ ಎದೆಯ ಅಂಗಿ ಹಿಡಿದು ಅತ್ತಳಂತೆ. ಕರೆಸಬೇಕೆಂದು ತನಗೂ ದಿನವೂ ಅನ್ನಿಸುತ್ತಿತ್ತು, ಸುಮ್ಮನೆ ಅಕ್ಕನನ್ನು ಕರೆಸಿದರೆ ಕಸ್ತೂರಿಗೆ ಅನುಮಾನ ಬಂದೀತು ಎಂದು ಬಿಟ್ಟೆ ಎಂದ.

"ಏನೇ ಆಗಲಿ, ಕೊನೆಯವರೆಗೂ ಅವಳಿಗೆ ತಿಳಿಯಲಿಲ್ಲ ಡಾಕ್ಟರೇ. ನಗುನಗುತ್ತಲೇ ಹೋದಳು. ನನಗೆ ಅದೊಂದೇ ಸಮಾಧಾನ."

ವೈದ್ಯನ ಬಾಯಲ್ಲಿ ಒಂದು ಮಾತಿತ್ತು. ಹೇಳಿದರೆ ಈ ಮನುಷ್ಯನಿಗೆ ಉಳಿದಿರುವ ಒಂದೇ ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ, ಅವಳು ಗಂಡನಿಗಾಗಿ ಹೊತ್ತು ನಡೆದ ಭಾರ ಎಷ್ಟೆಂಬುದು ಯಾರಿಗೂ ಗೊತ್ತಾಗದೆ ಹೋಗುತ್ತದೆ. ಹೇಳಬೇಕಾಗಿದ್ದ ಕಾಲ ಬೇರೆ ಇತ್ತು. ಆಗ ಒಂದು ಮಾತಿಗೆ ಆ ಅಕ್ಕ ಬರುತ್ತಿದ್ದಳು, ಈ ಗಂಡ ಹೆಂಡತಿ ಒಟ್ಟಿಗೆ ಅಳುತ್ತಿದ್ದರು. ವೈದ್ಯ ಸುಮ್ಮನಿದ್ದ. ಚನ್ನವೀರಪ್ಪ ಪ್ಲೇಟನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡು, ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದ.

ಇಟಗಿ ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ವೈಜಯಂತಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ.

"ಗುರುಗಳೇ, ವೈದ್ಯ ಆರಿಸಿದ ವಸ್ತುವಿನಲ್ಲಿ ತಪ್ಪೇನಿದೆ? ಅವರ ಜಾಗದಲ್ಲಿದ್ದಿದ್ದರೆ ನಾನೂ ಆ ಪ್ಲೇಟನ್ನೇ ಕೊಡುತ್ತಿದ್ದೆ" ಎಂದಳು.

ಗುರುಗಳು ಹೇಳಿದರು: "ವಸ್ತು ಸರಿಯಾಗಿಯೇ ಇತ್ತು ತಾಯಿ, ಆರಿಸಬೇಕಾಗಿದ್ದವಳು ಮಾತ್ರ ಬಾಯಿ ತೆರೆದುಕೊಂಡು ಆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು."