ನಡುಹಗಲಲ್ಲಿ ಕುರಿಗಳು ಮುಖ ಮರೆಸುವುದೇಕೆ

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಗುಡ್ಡಗಳ ಮಣ್ಣು ಇನ್ನೂ ಮೆತ್ತಗಿತ್ತು. ಹುಲ್ಲು, ನೀರು, ಕುರಿ, ಮನುಷ್ಯ ಎಲ್ಲರೂ ಒಂದೇ ಮಾತು ಆಡುತ್ತಿದ್ದರು.

ಆಗ ಮಾಳವ್ವ ಎಂಬವಳು ಒಂದು ಗುಡ್ಡದಲ್ಲಿ ಕುರಿ ಕಾಯುತ್ತಿದ್ದಳು. ಆ ಗುಡ್ಡದಲ್ಲೊಂದು ತೊರೆ, ಬೇಸಿಗೆಯಲ್ಲೂ ಬತ್ತದ್ದು. ಹೆತ್ತವ್ವ ಇಲ್ಲದ ಮಾಳವ್ವ ತೊರೆಯನ್ನೇ ಅವ್ವಾ ಎನ್ನುತ್ತಿದ್ದಳು.

"ನಾನಿರುವುದು ಹುಲ್ಲಿನಿಂದ, ಮಗಳೇ," ಎನ್ನುತ್ತಿತ್ತು ತೊರೆ. "ಹುಲ್ಲಿನ ಬೇರು ಮಳೆಯನ್ನು ಹಿಡಿದು ಮಣ್ಣಿಗೆ ಕುಡಿಸುತ್ತದೆ. ಮಣ್ಣು ನನಗೆ ಕುಡಿಸುತ್ತದೆ."

ಹುಲ್ಲೂ ಹೇಳಿತ್ತು: "ಮೇಯಿಸು ಮಾಳವ್ವಾ, ಬೇಡವೆನ್ನುವುದಿಲ್ಲ. ತುದಿ ಮೇಯ್ದ ಮೇಲೆ ಆಚೆ ಗುಡ್ಡಕ್ಕೆ ಹೋಗು. ನಾನು ಚಿಗುರಿದ ಮೇಲೆ ಬಾ."

ಮಾಳವ್ವ ಹಾಗೆಯೇ ನಡೆದುಕೊಂಡಳು.

ಒಂದು ಬೇಸಿಗೆ ಕುರಿಗಳು ಹಟ ಹಿಡಿದವು. "ಆಚೆ ಗುಡ್ಡ ದೂರ. ನಮ್ಮ ಮರಿಗಳ ಕಾಲು ಎಳೆಯವು. ಇವತ್ತೊಂದು ದಿನ ಇಲ್ಲೇ ಇರೋಣ."

ಮರಿಗಳ ಮುಖ ನೋಡಿ ಅವಳ ಕರುಳು ಕರಗಿತು. "ಆಗಲಿ, ಇವತ್ತೊಂದು ದಿನ."

ಮರುದಿನವೂ ಅದೇ ಮಾತು. ಅದರ ಮರುದಿನವೂ ಅದೇ ಮಾತು.

ತುದಿ ಮುಗಿಯಿತು. ಬುಡ ಮುಗಿಯಿತು. ಕುರಿಗಳು ಗೊರಸಿನಿಂದ ಕೆದರಿ ಬೇರನ್ನೂ ತಿಂದವು. "ಮಾಳವ್ವಾ..." ಎಂದು ಹುಲ್ಲು ಕರೆಯಿತು. ಕೇಳಿಸದವಳಂತೆ ಅವಳು ಮರಿಯೊಂದನ್ನು ಎತ್ತಿ ಮುದ್ದಾಡಿದಳು.

ಆಮೇಲೆ ಮಳೆ ಬಂತು. "ಹಿಡಿದುಕೊಳ್ಳಿ, ನನ್ನನ್ನು ಹಿಡಿದುಕೊಳ್ಳಿ!" ಎಂದು ಕೂಗುತ್ತಲೇ ಇಳಿಯಿತು. ಹಿಡಿಯಲು ಒಂದು ಬೇರೂ ಇರಲಿಲ್ಲ. ಗುಡ್ಡದ ಮಣ್ಣೆಲ್ಲ ಕೆಂಪು ನೀರಾಗಿ ಕೊಚ್ಚಿಹೋಯಿತು. ಮಾಳವ್ವ ಅಡ್ಡ ನಿಂತು ಸೆರಗೊಡ್ಡಿದಳು. ಸೆರಗಿನಲ್ಲಿ ಉಳಿದದ್ದು ಬರೀ ಕಲ್ಲು.

ಮಳೆಗಾಲ ಮುಗಿಯುವ ಮೊದಲೇ ತೊರೆ ಸೊರಗಿತು.

"ಯಾಕವ್ವಾ?"

"ಮಣ್ಣು ಹೋಯಿತಲ್ಲ, ಮಗಳೇ. ನನಗೆ ಕುಡಿಸುವವರು ಯಾರು?"

ತೊರೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಮಾಳವ್ವನಿಗೆ.

"ಹೋಗಬೇಡವ್ವಾ. ಈಗಲೇ ಕುರಿಗಳನ್ನು ಆಚೆ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತೇನೆ."

ಅವಳ ಮಾತು ಮುಗಿಯುವಷ್ಟರಲ್ಲಿ ನೀರಿದ್ದಲ್ಲಿ ಒದ್ದೆ ಮರಳಿತ್ತು, ಅದೂ ನೋಡನೋಡುತ್ತ ಒಣಗಿತು.

ಆಮೇಲೆ ಮಾಳವ್ವ ಯಾವ ಗುಡ್ಡದಲ್ಲೂ ಬುಡದವರೆಗೆ ಮೇಯಿಸಲಿಲ್ಲ. ಅವಳ ತಲೆ ನರೆಯುವ ಹೊತ್ತಿಗೆ ಹಳೆಯ ಗುಡ್ಡದ ಕಲ್ಲುಸಂದಿಯಲ್ಲಿ ಗರಿಕೆ ಚಿಗುರಿತು. ತೊರೆ ಮಾತ್ರ ಬರಲಿಲ್ಲ. ಬಿಸಿಲೇರಿದಾಗ ಅವಳು ಒಣಮರಳಿನ ಮೇಲೆ ಕೂತು "ಅವ್ವಾ" ಎಂದು ಕರೆಯುತ್ತಿದ್ದಳು. ಆ ಕೂಗು ಕೇಳಿದಾಗಲೆಲ್ಲ ಕುರಿಗಳಿಗೆ ಅವಳಿಗೆ ಮುಖ ತೋರಿಸಲಾಗುತ್ತಿರಲಿಲ್ಲ.

ಅದಕ್ಕೇ, ಪುಟ್ಟಾ, ಇವತ್ತಿಗೂ ಸುಡುವ ನಡುಹಗಲಲ್ಲಿ ಬಯಲಿನ ಕುರಿಗಳು ಒತ್ತಾಗಿ ನಿಂತು, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಮುಖ ಮರೆಸಿಕೊಳ್ಳುತ್ತವೆ.