ಮೂಡಣಕ್ಕೆ ಮುಖ ಮಾಡದ ಕೆಂಚಿ

ಮಕ್ಕಳೇ, ಒಂದು ದೊಡ್ಡ ಬಯಲು. ಅಲ್ಲಿ ಮರವೆಂದರೆ ಹನ್ನೊಂದೇ ಜಾಲಿಮರ. ಉಳಿದದ್ದೆಲ್ಲ ಎತ್ತರದ ಹುಲ್ಲು. ಹುಲ್ಲಿನ ನಡುವೆ ಒಂದು ಕೆರೆ. ಬೇಸಿಗೆಯಲ್ಲಿ ಸುತ್ತಲಿನ ಜೀವಿಗಳಿಗೆಲ್ಲ ಆ ಕೆರೆಯೇ ಗತಿ. ಅದರ ಪಡುವಣ ದಂಡೆಯಲ್ಲಿ ಚಿಗರೆಗಳ ಹಿಂಡೊಂದು ಬಾಳುತ್ತಿತ್ತು.

ಈ ಚಿಗರೆಗಳು ಮೊದಲು ನದಿಯಾಚೆಯ ಕಾಡಿನಲ್ಲಿದ್ದವು. ಆ ಕಾಡಿಗೆ ಒಬ್ಬ ಕಾಡುಕೋಣ ಯಜಮಾನ. "ಸೂರ್ಯನಿಗೆ ನೀವು ನೇರವಾಗಿ ನಮಸ್ಕಾರ ಮಾಡಕೂಡದು. ನನಗೆ ಮಾಡಿ, ನಾನು ತಲುಪಿಸ್ತೀನಿ" ಎಂದು ಅವನ ಕಟ್ಟಳೆ. ತಲುಪಿಸುವ ಶ್ರಮಕ್ಕೆಂದು ಎಳೆ ಹುಲ್ಲೆಲ್ಲ ಅವನಿಗೇ ಮೀಸಲು.

ಒಂದು ದಿನ ಒಬ್ಬ ಗಂಡು ಚಿಗರೆ ಅವನ ಎದುರಿಗೆ ಹೋಗಿ ನಿಂತ. "ಬಿಸಿಲು ನಿನ್ನ ಬೆನ್ನ ಮೇಲೂ ಬೀಳುತ್ತೆ, ನನ್ನ ಬೆನ್ನ ಮೇಲೂ ಬೀಳುತ್ತೆ. ನಡುವೆ ನಿನ್ನದೇನು ಕೆಲಸ?" ಎಂದು ಕೇಳಿದ.

ಕೋಣ ತಲೆ ತಗ್ಗಿಸಿ ನುಗ್ಗಿದ. ಒಂದೇ ಗುದ್ದಿಗೆ ಚಿಗರೆಯ ಬಲಗೊಂಬು ಬುಡದಲ್ಲೇ ಮುರಿಯಿತು. ಆದರೂ ಅವನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನನ್ನು ನಂಬಿದ ಹಿಂಡು ತುಂಬಿದ ನದಿ ದಾಟಿ ಈ ಬಯಲಿಗೆ ಬಂತು. ಅಂದಿನಿಂದ ಎಲ್ಲರೂ ಅವನನ್ನು ಮೋಟುಗೊಂಬಜ್ಜ ಎಂದು ಕರೆದರು. ಅದು ಗೌರವದ ಹೆಸರು. ಅದಕ್ಕೆ ಅವನು ಅರ್ಹನೂ ಆಗಿದ್ದ.

ಹೊಸ ಬಯಲಿನಲ್ಲಿ ಹೊಸ ಪದ್ಧತಿ ಬಂತು. ಬೆಳಗ್ಗೆ ಸೂರ್ಯ ಹುಟ್ಟುವಾಗ ಚಿಗರೆಗಳೆಲ್ಲ ದಂಡೆಯ ಮೇಲೆ ಒಂದೇ ಸಾಲಾಗಿ ಮೂಡಣಕ್ಕೆ ಮುಖ ಮಾಡಿ ನಿಲ್ಲಬೇಕು. ಮೂರು ಸಲ ತಲೆ ಬಾಗಿಸಬೇಕು. ಆಮೇಲೆಯೇ ನೀರಿಗೆ ಬಾಯಿ ಹಾಕಬೇಕು. ಕಾವಲು ಕಾಯುವವನೂ ಸಾಲಿನಲ್ಲಿ ನಿಂತು ಬಾಗಲೇಬೇಕು; ಬಾಗದವನಿಗೆ ಕಾವಲಿನ ಕೆಲಸವಿಲ್ಲ.

ಹಿಂಡಿನಲ್ಲಿ ಕೆಂಚಿ ಎಂಬ ಹೆಣ್ಣು ಚಿಗರೆಯಿದ್ದಳು. ಒಂದು ಬೆಳಗ್ಗೆ ಅವಳು ಸಾಲಿನಲ್ಲಿ ಎಲ್ಲರಿಗೂ ಬೆನ್ನು ಮಾಡಿ, ಪಡುವಣದ ಹುಲ್ಲಿನ ಕಡೆ ತಿರುಗಿ ತಲೆ ಬಾಗಿಸಿದಳು.

"ಏನೇ ಕೆಂಚಕ್ಕಾ, ದಿಕ್ಕು ತಪ್ಪಿತಾ? ಸೂರ್ಯ ಇತ್ತ ಕಡೆ ಇದ್ದಾನೆ!" ಎಂದು ಪಕ್ಕದಲ್ಲಿದ್ದ ಸಣ್ಣಗೊರಸ ನಕ್ಕ. ಅವನೇ ಹಿಂಡಿನ ಕಾವಲುಗಾರ.

"ಅವನು ಅಲ್ಲಿದ್ದಾನೆ, ಸರಿ. ಅವನ ಬೆಳಕು ಎಲ್ಲಿ ಬಿದ್ದಿದೆ ನೋಡು" ಎಂದಳು ಕೆಂಚಿ. "ಹುಲ್ಲಿನ ಮೇಲೆ. ನಮ್ಮನ್ನು ಸಾಕ್ತಿರೋದು ಆ ಹುಲ್ಲು. ನೆಟ್ಟಗೆ ಅವನನ್ನೇ ನೋಡಿದರೆ ನನಗೆ ಕಣ್ಣು ಕತ್ತಲೆ ಬರುತ್ತೆ, ಮತ್ತೇನೂ ಕಾಣಲ್ಲ. ಅವನು ಕೊಟ್ಟದ್ದನ್ನು ನೋಡಿದರೆ ಮನಸ್ಸು ತಾನಾಗಿ ಬಾಗುತ್ತೆ."

ಸಣ್ಣಗೊರಸನ ನಗು ನಿಂತಿತು. ಆ ಮಾತು ಅವನಿಗೆ ಒಳಗೆಲ್ಲೋ ಸರಿಯೆನಿಸಿತು. ಮುಂದಿನ ಒಂದು ವಾರದಲ್ಲಿ ಇನ್ನೂ ಆರು ಚಿಗರೆಗಳಿಗೆ ಸರಿಯೆನಿಸಿತು. ಅವರೆಲ್ಲ ಕೆಂಚಿಯ ಜೊತೆ ಪಡುವಣಕ್ಕೆ ತಿರುಗಿ ನಿಂತರು. ಸಣ್ಣಗೊರಸ ಮಾತ್ರ ಕೆಲಸ ಹೋದೀತೆಂದು ಮೂಡಣಕ್ಕೇ ಬಾಗುತ್ತ ಉಳಿದ.

ಮೋಟುಗೊಂಬಜ್ಜ ಕೆಂಚಿಯನ್ನು ಕರೆಸಿದ. ಗದರಿಸಲಿಲ್ಲ; ಅವನು ಗದರಿಸುವ ಜಾತಿಯವನಲ್ಲ.

"ನೋಡು ಮಗಳೇ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಿಂತರೆ ಇದು ಹಿಂಡಾಗಿ ಉಳಿಯುತ್ತಾ? ಇವತ್ತು ದಿಕ್ಕು ಬೇರೆ, ನಾಳೆ ಮೇವು ಬೇರೆ, ನಾಡಿದ್ದು ದಾರಿ ಬೇರೆ. ಒಂಟಿ ಚಿಗರೆ ಎಷ್ಟು ದಿನ ಬದುಕುತ್ತೆ, ಹೇಳು?"

"ಹಿಂಡು ಬಿಡ್ತೀನಿ ಅಂತ ನಾನು ಹೇಳಿದ್ದೀನಾ ಅಜ್ಜಾ? ಮೇಯೋದು ಜೊತೆಗೆ, ಓಡೋದು ಜೊತೆಗೆ. ಬಾಗೋದೊಂದು ನನ್ನದು."

"ಬಾಗೋದು ನಿನ್ನದೇ. ಆದರೆ ಸರಿಯಾದ ಕಡೆ ಬಾಗು. ಇದಕ್ಕೋಸ್ಕರ ನಾನು ಕೊಂಬು ಕಳೆದುಕೊಂಡವನು."

"ಯಾವುದಕ್ಕೋಸ್ಕರ? ಮೂಡಣಕ್ಕೋಸ್ಕರವಾ?" ಕೆಂಚಿ ಕೇಳಿದಳು. "ನಾನು ಕೇಳಿದ ಕತೆಯಲ್ಲಿ, ನಡುವೆ ನಿನ್ನದೇನು ಕೆಲಸ ಅಂತ ಒಬ್ಬ ಚಿಗರೆ ಕೋಣನನ್ನು ಕೇಳಿದ್ದ. ಅದೇ ಮಾತನ್ನು ನಾನು ನಿನ್ನನ್ನು ಕೇಳ್ತಿದ್ದೀನಿ."

ಅಜ್ಜನ ಮುಖ ಕೆಂಪೇರಿತು. "ಕೋಣನೂ ನಾನೂ ಒಂದೇನಾ? ಅವನದು ಸುಳ್ಳು, ನನ್ನದು ನಿಜ!"

"ಅವನೂ ಹಾಗೇ ಅಂದುಕೊಂಡಿದ್ದ ಅಜ್ಜಾ."

ಅಂದೇ ತೀರ್ಪಾಯಿತು. ಮೂಡಣಕ್ಕೆ ಬಾಗದ ಏಳು ಚಿಗರೆಗಳು ಕೆರೆಯಿಂದ ಮೂರು ಕೂಗಳತೆಯೊಳಗೆ ಕಾಲಿಡಕೂಡದು. ಅಂದರೆ, ಒಬ್ಬರ ಕೂಗು ಎಷ್ಟು ದೂರ ಕೇಳಿಸುತ್ತದೋ ಅದರ ಮೂರರಷ್ಟು ದೂರ. ಬಂದರೆ ಗಂಡು ಚಿಗರೆಗಳು ಕೊಂಬಿನಿಂದ ತಿವಿದು ಅಟ್ಟಬೇಕು.

ಮಕ್ಕಳೇ, ಚಿಗರೆಗಳ ಬುದ್ಧಿ ಇಷ್ಟೇ ಎಂದು ನಗಬೇಡಿ. ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಹೀಗೇ ನಡೆದಿದೆ. ದೇವರಿಗೂ ನಮಗೂ ನಡುವೆ ಪೋಪರ ಅಧಿಕಾರ ಬೇಡವೆಂದು ಹೊರಬಂದವರು ಪ್ರಾಟೆಸ್ಟೆಂಟರು. ಅವರ ಕೈಗೆ ಅಧಿಕಾರ ಬಂದಾಗ, ತಮ್ಮ ಪ್ರಾರ್ಥನೆಯ ಕ್ರಮವನ್ನು ಒಪ್ಪದ ಪ್ರಾಟೆಸ್ಟೆಂಟ್ ಬೋಧಕರು ತಾವು ಮೊದಲು ಬೋಧಿಸುತ್ತಿದ್ದ ಊರಿನ ಐದು ಮೈಲಿಯೊಳಗೆ ಬರಕೂಡದೆಂದು ಅವರೇ ಕಾನೂನು ಮಾಡಿದರು. ಓದಿದವರು, ಗಡ್ಡ ನರೆತವರು ಮಾಡಿದ ಕಾನೂನು ಅದು.

ಕೆಂಚಿಯ ಗುಂಪು ಬಡಗಣ ದಿಬ್ಬಕ್ಕೆ ಹೋಯಿತು. ಅಲ್ಲಿ ಒಂದು ಬಂಡೆಯ ಕುಳಿಯಲ್ಲಿ ಹಳೆಯ ಮಳೆನೀರು ನಿಂತಿತ್ತು. ಮೊದಲ ದಿನ ಏಳು ಜನ ಕುಡಿದರು. ನಾಲ್ಕನೆಯ ದಿನ ಬಾಯಿ ಮಾತ್ರ ಒದ್ದೆಯಾಯಿತು. ಆರನೆಯ ದಿನ ಕುಳಿಯಲ್ಲಿ ಕೆಸರಿತ್ತು.

"ಕೆಂಚಕ್ಕಾ, ಮೂರೇ ಮೂರು ಸಲ ತಲೆ ಬಾಗಿಸೋದು" ಎಂದಳು ಒಬ್ಬಳು, ಒಣಗಿದ ನಾಲಗೆಯಲ್ಲಿ. "ಸಣ್ಣಗೊರಸನ ಹಾಗೆ. ತಲೆ ಅಲ್ಲಿ, ಮನಸ್ಸು ಇಲ್ಲಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ" ಎಂದಳು ಕೆಂಚಿ. "ನೀನು ಹೋಗೋದಾದರೆ ಹೋಗು ತಂಗಿ, ನಾನು ಬೈಯೋಲ್ಲ. ನನ್ನ ಕೈಲಿ ಆಗಲ್ಲ."

ತಂಗಿ ಹೋಗಲಿಲ್ಲ. ಆದರೆ ಇನ್ನು ಎರಡು ದಿನ ನೀರಿಲ್ಲದಿದ್ದರೆ ಏಳರಲ್ಲಿ ಒಬ್ಬರೂ ಉಳಿಯುವುದಿಲ್ಲವೆಂದು ಏಳು ಜನಕ್ಕೂ ಗೊತ್ತಿತ್ತು.

ಇತ್ತ ಹುಲ್ಲಿನಲ್ಲಿ ತೋಳಗಳ ಗುಂಪೊಂದು ಬಂದು ಸೇರಿತ್ತು. ಅವು ಎರಡು ದಿನ ಸುಮ್ಮನೆ ಮಲಗಿ ನೋಡಿದವು.

"ಅಣ್ಣಾ, ಎಂಥ ಶಿಸ್ತಿನ ಪ್ರಾಣಿಗಳು!" ಎಂದಿತು ಒಂದು ತೋಳ. "ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಬರ್ತಾವೆ. ಒಂದೇ ಸಾಲು. ಕಾವಲಿನವನನ್ನೂ ಸೇರಿಸಿ ಎಲ್ಲರ ಬಾಲವೂ ನಮ್ಮ ಕಡೆ."

"ಇಷ್ಟು ಒಗ್ಗಟ್ಟು ನಾನೆಲ್ಲೂ ಕಂಡಿಲ್ಲ" ಎಂದಿತು ಹಿರಿಯ ತೋಳ. "ನಾಳೆ ಮೂರನೇ ಸಲ ತಲೆ ಬಾಗಿಸುವಾಗ ಹಾರೋಣ. ಆಗ ಕಣ್ಣೂ ಮುಚ್ಚಿರುತ್ತಾರೆ."

ಮರುದಿನ ಬೆಳಗಾಯಿತು. ದಿಬ್ಬದ ಮೇಲೆ ಕೆಂಚಿ ಎಂದಿನಂತೆ ಬಿಸಿಲು ಬಿದ್ದ ಹುಲ್ಲನ್ನು ನೋಡುತ್ತ ತಲೆ ಬಾಗಿಸಿದಳು. ಬಾಗಿಸಿದವಳು ಹಾಗೇ ನಿಂತಳು. ಗಾಳಿಯಿರಲಿಲ್ಲ. ಆದರೂ ಕೆರೆಯ ದಂಡೆಯ ಹಿಂದೆ ಐದು ಕಡೆ ಹುಲ್ಲು ಅಲುಗುತ್ತಿತ್ತು.

"ತೋಳ!" ಎಂದು ಕೂಗಿದಳು. ಕೂಗು ಬಯಲಿನಲ್ಲೇ ಕರಗಿತು. ಮೂರು ಕೂಗಳತೆಯ ದೂರವನ್ನು ಹಿಂಡೇ ಅಳೆದು ಕೊಟ್ಟಿತ್ತಲ್ಲ, ಯಾರಿಗೂ ಕೇಳಿಸಲಿಲ್ಲ.

ಕೆಂಚಿ ಓಡಿದಳು.

"ಅಕ್ಕಾ, ಗಡಿ ದಾಟಬೇಡ! ಅವರು ತಿವೀತಾರೆ! ನಮ್ಮನ್ನು ಸಾಯೋಕೆ ಬಿಟ್ಟವರು ಅವರು!" ಎಂದು ಜೊತೆಯವರು ಹಿಂದಿನಿಂದ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ನೀರಿಲ್ಲದೆ ಸೋತ ಕಾಲುಗಳು ಎರಡು ಸಲ ಮುಗ್ಗರಿಸಿದವು. ಒಂದು ಕೂಗಳತೆ ದಾಟಿದಳು, ಎರಡನ್ನೂ ದಾಟಿದಳು.

"ತೋಳ! ಹಿಂದೆ ನೋಡಿ! ತೋಳ!"

ಈ ಸಲ ಕೇಳಿಸಿತು. ಸಾಲು ಎರಡನೆಯ ಸಲ ತಲೆಯೆತ್ತಿತ್ತು. ಕೆಲವರ ಕಿವಿ ನಿಮಿರಿತು.

"ಯಾರೂ ತಿರುಗಬೇಡಿ!" ಎಂದು ಮೋಟುಗೊಂಬಜ್ಜ ಗುಡುಗಿದ. "ನಮ್ಮನ್ನು ಪಡುವಣಕ್ಕೆ ತಿರುಗಿಸೋಕೆ ಅವಳು ಹೂಡಿದ ಆಟ ಇದು. ಮೂರನೆಯದು ಮುಗಿಸಿ!"

ತಲೆಗಳು ಬಾಗಿದವು. ಸಣ್ಣಗೊರಸನ ತಲೆಯೂ ಅರ್ಧ ಬಾಗಿತು. ಅಲ್ಲಿ ನಿಂತಿತು. ಇಷ್ಟು ದಿನ ಮನಸ್ಸಿಗೆ ಒಪ್ಪದ ಕಡೆ ಬಾಗಿದ್ದ ಆ ಕತ್ತು ಇನ್ನು ಬಾಗಲಾರೆ ಎಂದಿತು. ಅವನು ಹಿಂದಕ್ಕೆ ತಿರುಗಿದ. ಹುಲ್ಲಿನ ನಡುವೆ ಹಳದಿ ಕಣ್ಣುಗಳು ಕಂಡವು.

ಅವನು ಅರಚಿ ಮೇಲಕ್ಕೆ ನೆಗೆದ. ಅದು ಚಿಗರೆಗಳ ಅಪಾಯದ ಗುರುತು. ಸಾಲು ಚೆಲ್ಲಾಪಿಲ್ಲಿಯಾಯಿತು. ನೆಗೆದ ತೋಳಗಳ ಬಾಯಿಗೆ ಬರೀ ಗಾಳಿ ಸಿಕ್ಕಿತು. ಮೂರನೆಯ ನಮಸ್ಕಾರವನ್ನು ಪೂರ್ತಿ ಮುಗಿಸಿ ಓಡಿದವನು ಅಜ್ಜನೊಬ್ಬನೇ. ಹಿರಿಯ ತೋಳ ಅವನ ತೊಡೆಯನ್ನು ಸೀಳಿತು. ಕೆಂಚಿ ಮತ್ತು ಸಣ್ಣಗೊರಸ ಎರಡು ಬದಿಯಿಂದ ನುಗ್ಗಿ ಒದ್ದುದರಿಂದ ಅವನ ಪ್ರಾಣ ಉಳಿಯಿತು. ಬೇಟೆ ತಪ್ಪಿದ ತೋಳಗಳು ಹುಲ್ಲಿನಾಚೆಗೆ ಓಡಿಹೋದವು.

ಹೊತ್ತೇರಿದ ಮೇಲೆ ಹಿಂಡು ಕೆರೆಯ ಬಳಿ ಮತ್ತೆ ಕೂಡಿತು. ದಿಬ್ಬದವರೂ ಇಳಿದು ಬಂದರು. ಆಗ ಕರಿಬೆನ್ನ ಎಂಬ ಪ್ರಾಯದ ಗಂಡು ಚಿಗರೆ ಮುಂದೆ ಬಂದು ಕೂಗಿದ.

"ಇನ್ನು ಮೂಡಣದ ಆಟ ಮುಗೀತು! ನಾಳೆಯಿಂದ ಕೆಂಚಕ್ಕನೇ ಯಜಮಾನಿ. ಎಲ್ಲರೂ ಪಡುವಣಕ್ಕೇ ಬಾಗಬೇಕು. ಬಾಗದವರು ಮೂರು ಕೂಗಳತೆಯ ಆಚೆಗೆ!"

"ಹೌದು, ಹೌದು!" ಎಂದು ಹಿಂಡು ಕೂಗಿತು. ನಿನ್ನೆಯವರೆಗೆ ಕೊಂಬು ಮಸೆದವರ ಕೂಗೇ ಎಲ್ಲಕ್ಕಿಂತ ಜೋರಾಗಿತ್ತು.

ನೀರಿನಂಚಿನಲ್ಲಿ ಬಿದ್ದಿದ್ದ ಮೋಟುಗೊಂಬಜ್ಜ ಮೆಲ್ಲಗೆ ಎದ್ದ. "ಈ ವಯಸ್ಸಿನಲ್ಲಿ ನಾನು ತಿರುಗಲಾರೆ" ಎಂದ. "ನಂಬಿದ್ದೀನಿ. ನಟನೆ ನನಗೆ ಬರಲ್ಲ. ಹೋಗ್ತೀನಿ, ದಾರಿ ಬಿಡಿ." ಕುಂಟುತ್ತ ಎರಡು ಹೆಜ್ಜೆ ಇಟ್ಟ. ಆ ಕಾಲಿನಲ್ಲಿ ಅವನು ದಿಬ್ಬ ಮುಟ್ಟುವುದಿಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು.

ಕರಿಬೆನ್ನ ದಾರಿ ಬಿಟ್ಟ. ಕೆಂಚಿ ಬಿಡಲಿಲ್ಲ. ಅಡ್ಡ ಬಂದು ನಿಂತಳು.

"ಕರಿಬೆನ್ನಾ, ನನಗಿದ್ದ ಬಾಯಾರಿಕೆ ನಿನಗೆ ಗೊತ್ತಿಲ್ಲ, ಅದಕ್ಕೇ ಇಷ್ಟು ಸಲೀಸಾಗಿ ಮಾತಾಡ್ತಿದ್ದೀಯ. ನಾನು ಯಜಮಾನಿಯಾಗೋಕೆ ಗಡಿ ದಾಟಿ ಬರಲಿಲ್ಲ. ಯಾರು ಯಾವ ಕಡೆ ಬಾಗಿದರೂ ಈ ನೀರು ಅವರದ್ದೇ. ಇವತ್ತಿನಿಂದ ಗಡಿಯೂ ಇಲ್ಲ. ಕಾವಲಿನವನು ಕಾವಲು ಕಾಯಲಿ. ಅವನ ನಮಸ್ಕಾರವನ್ನು ಯಾರೂ ಎಣಿಸಬೇಡಿ."

ಕರಿಬೆನ್ನ ಹಿಂದಕ್ಕೆ ಸರಿದ. ಅಜ್ಜ ಕೆಂಚಿಯ ಮುಖವನ್ನೇ ನೋಡಿದ.

"ಮಗಳೇ, ಹಾಗಾದರೆ ನಾನೂ ನಿನಗೆ ಪಡುವಣಕ್ಕೆ ಬಾಗೋಕೆ ಅಪ್ಪಣೆ ಕೊಡ್ತೀನಿ."

"ಬೇಡ ಅಜ್ಜಾ. ಅಪ್ಪಣೆ ಇವತ್ತು ಕೊಟ್ಟರೆ ನಾಳೆ ವಾಪಸ್ ತಗೋಬಹುದು. ಇದು ನಿನ್ನ ಕೈಯಲ್ಲಿರೋ ವಸ್ತುವಲ್ಲ. ನನ್ನ ಕೈಯಲ್ಲೂ ಇಲ್ಲ."

ಅಜ್ಜ ಕುಂಟುತ್ತ ನೀರಿನ ಕಡೆ ತಿರುಗಿದ. ಕೊನೆಗೆ ಕೇಳಿದ: "ಅಂದರೆ, ನಾನು ಮೂಡಣಕ್ಕೆ ಬಾಗೋದು ಸರಿ ಅಂತ ನೀನೀಗ ಒಪ್ಪಿಕೊಂಡ ಹಾಗಾಯ್ತಾ?"

"ಎಲ್ಲಾದರೂ ಉಂಟೆ? ನೀನು ಮಾಡೋದು ತಪ್ಪು ಅಂತ ಅವತ್ತೂ ಅಂದುಕೊಂಡಿದ್ದೆ, ಇವತ್ತೂ ಹೇಳ್ತೀನಿ. ಸಂಜೆ ಜಾಲಿಮರದ ಕೆಳಗೆ ಬಾ, ವಾದ ಮಾಡೋಣ. ಈಗ ನೀರು ಕುಡಿ ಅಜ್ಜಾ."

ಇಬ್ಬರೂ ಅಕ್ಕಪಕ್ಕ ನಿಂತು ನೀರಿಗೆ ಬಾಯಿ ಹಾಕಿದರು.

ನೀತಿ: ನಿನಗಾಗಿ ನೀನು ಕೇಳಿದ ಸ್ವಾತಂತ್ರ್ಯ ನಿನ್ನನ್ನು ಒಪ್ಪದವನಿಗೂ ಸೇರಿದ್ದು; ಅದನ್ನು ಕಿತ್ತುಕೊಳ್ಳುವ ಹಕ್ಕು ಗೆದ್ದವನಿಗೂ ಇಲ್ಲ.